ಹಲ್ಲಿನ ಶಸ್ತ್ರಚಿಕಿತ್ಸೆಯ ನಂತರ ಸಾಕುಮೊಲದ ಆರೈಕೆ ಮತ್ತು ಮೇವು

ನಮ್ಮ ರಾಜ್ಯದಲ್ಲಿ ಮೊಲ ಸಾಕಣೆಯು ಎರಡು ಬಗೆಯಲ್ಲಿ ನಡೆದಿದೆ. ಮಾಂಸ ಮತ್ತು ಮರಿಗಳ ಮಾರಾಟಕ್ಕಾಗಿ ಗೂಡುಗಳಲ್ಲಿ ಹತ್ತಾರು ಮೊಲಗಳನ್ನು ಸಾಕುವುದು ಒಂದು ಬಗೆ. ಮನೆಮಕ್ಕಳ ಪ್ರೀತಿಗಾಗಿ ಒಂದೆರಡು ಮೊಲಗಳನ್ನು ಸಾಕುವುದು ಇನ್ನೊಂದು ಬಗೆ. ಮಾಂಸದ ಮೊಲವು ಕೆಲವೇ ತಿಂಗಳಲ್ಲಿ ಮಾರಾಟವಾಗುವುದರಿಂದ ಅದರ ಹಲ್ಲಿನ ತೊಂದರೆ ಸಾಮಾನ್ಯವಾಗಿ ಯಾರ ಗಮನಕ್ಕೂ ಬರುವುದಿಲ್ಲ. ಆದರೆ ಮುದ್ದಿಗಾಗಿ ಸಾಕಿದ ಮೊಲವು ಉತ್ತಮ ಪೋಷಣೆಯಲ್ಲಿ 8 ರಿಂದ 10 ವರ್ಷ ಬಾಳುತ್ತದೆ. ಅಷ್ಟು ದೀರ್ಘ ಕಾಲದಲ್ಲಿ ಅದಕ್ಕೆ ಬರುವ ಕಾಯಿಲೆಗಳಲ್ಲಿ ಹಲ್ಲಿನ ಕಾಯಿಲೆಯು ಮುಖ್ಯವಾದುದು.

ಹಲ್ಲು ಅತಿಯಾಗಿ ಬೆಳೆದ ಮೊಲವನ್ನು ಪಶುವೈದ್ಯರಲ್ಲಿಗೆ ಒಯ್ದು, ಹಲ್ಲನ್ನು ಸವರಿಸಿ ಅಥವಾ ಕೀಳಿಸಿ ಮನೆಗೆ ತಂದ ಮೇಲೆ, "ಪಾಪ, ಸುಸ್ತಾಗಿದೆ, ಮಲಗಿಕೊಳ್ಳಲಿ" ಎಂದು ಅದನ್ನು ಒಂದು ಮೂಲೆಯಲ್ಲಿ ಬಿಡುವುದು ವಾಡಿಕೆ. ಮಾರನೆಯ ಬೆಳಿಗ್ಗೆ ಮೊಲ ಸತ್ತಿರುತ್ತದೆ. ಶಸ್ತ್ರಚಿಕಿತ್ಸೆಯೇ ಕೊಂದಿತು ಎಂದು ಮನೆಯವರು ತಿಳಿಯುತ್ತಾರೆ. ಅರಿವಳಿಕೆಯಿಂದಲೂ ಸಾವು ಸಂಭವಿಸಬಹುದು ಎಂಬುದು ನಿಜ. ಆದರೆ ಚಿಕಿತ್ಸೆ ಚೆನ್ನಾಗಿ ನಡೆದು, ಎಚ್ಚರಗೊಂಡು ಮನೆಗೆ ಬಂದ ಮೊಲಕ್ಕೆ ಬಹಳ ಸಲ ಮುಳುವಾಗುವುದು ನೋವು, ಚಳಿ ಮತ್ತು ಹಸಿವು ಈ ಮೂರು. ಈ ಮೂರನ್ನೂ ತಡೆಯುವುದು ಮನೆಯವರ ಕೈಯಲ್ಲಿದೆ. ಮೊಲವು ತಾನಾಗಿಯೇ ಹುಲ್ಲು ತಿಂದು ಎಂದಿನಂತೆ ಹಿಕ್ಕೆ ಹಾಕುವವರೆಗೆ ಚಿಕಿತ್ಸೆ ಮುಗಿದಿಲ್ಲ ಎಂದೇ ತಿಳಿಯತಕ್ಕದ್ದು.

ಈ ಲೇಖನದಲ್ಲಿ ತಿಳಿಸಿರುವುದೆಲ್ಲ ಸಾಕುಮೊಲಕ್ಕೆ ಸಂಬಂಧಿಸಿದುದು. ಸಾಕುಮೊಲದ ಮೂಲ ಯೂರೋಪಿನ ಬಿಲಮೊಲ. ನಮ್ಮ ಹೊಲಬದುಗಳಲ್ಲಿ ಕಾಣುವ ಕಾಡುಮೊಲ ಬೇರೆ ಜಾತಿಯದು. ಅದನ್ನು ಹಿಡಿಯುವುದಕ್ಕೂ ಸಾಕುವುದಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ನಿಷೇಧವಿದೆ.

ಮೊಲದ ಹಲ್ಲಿನ ರಚನೆ

ಬೆಳೆದ ಮೊಲಕ್ಕೆ ಒಟ್ಟು 28 ಹಲ್ಲುಗಳಿವೆ. ಮೇಲ್ದವಡೆಯ ಮುಂಭಾಗದಲ್ಲಿ ಎರಡು ದೊಡ್ಡ ಬಾಚಿಹಲ್ಲುಗಳೂ ಅವುಗಳ ಹಿಂದೆಯೇ ಅಡಗಿದಂತೆ ಎರಡು ಸಣ್ಣ ಗೂಟದಂತಹ ಹಲ್ಲುಗಳೂ ಇರುತ್ತವೆ. ಕೆಳದವಡೆಯಲ್ಲಿ ಎರಡು ಬಾಚಿಹಲ್ಲುಗಳು ಮಾತ್ರ. ಇಲಿ, ಹೆಗ್ಗಣಗಳಿಗೆ ಈ ಗೂಟಹಲ್ಲುಗಳಿಲ್ಲ. ಮೊಲ ಮತ್ತು ದಂಶಕಗಳ ನಡುವಿನ ಸ್ಪಷ್ಟ ವ್ಯತ್ಯಾಸಗಳಲ್ಲಿ ಇದೂ ಒಂದು. ಮೊಲಕ್ಕೆ ಕೋರೆಹಲ್ಲುಗಳಿಲ್ಲ; ಆ ಜಾಗ ಖಾಲಿ. ಹಿಂದೆ ಮೇಲ್ದವಡೆಯ ಪ್ರತಿ ಬದಿಯಲ್ಲಿ 6, ಕೆಳದವಡೆಯ ಪ್ರತಿ ಬದಿಯಲ್ಲಿ 5 ಅರೆಯುವ ಹಲ್ಲುಗಳಿವೆ.

ಈ ಎಲ್ಲ ಹಲ್ಲುಗಳೂ ಜೀವಮಾನವಿಡೀ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ರಿಂದ 3 ಮಿ.ಮೀ.ನಷ್ಟು, ಅರೆಯುವ ಹಲ್ಲು ತಿಂಗಳಿಗೆ ಸುಮಾರು 3 ಮಿ.ಮೀ.ನಷ್ಟು ಬೆಳೆಯುತ್ತದೆ. ಬೆಳೆದಷ್ಟೂ ಸವೆಯಬೇಕು ಎಂಬುದು ಪ್ರಕೃತಿಯ ಏರ್ಪಾಡು. ಹುಲ್ಲನ್ನು ಅಗಿಯುವಾಗ ಮೊಲದ ಕೆಳದವಡೆಯು ಬೀಸುವ ಕಲ್ಲಿನಂತೆ ಪಕ್ಕದಿಂದ ಪಕ್ಕಕ್ಕೆ ಸರಿಯುತ್ತದೆ. ಹುಲ್ಲಿನಲ್ಲಿರುವ ನಾರು ಮತ್ತು ಮರಳಿನಂಶ ಹಲ್ಲನ್ನು ಸಮನಾಗಿ ಸವೆಸುತ್ತವೆ. ಕಾಳು, ಬ್ರೆಡ್ಡು, ಬಿಸ್ಕತ್ತು ತಿನ್ನುವ ಮೊಲಕ್ಕೆ ಈ ಅರೆಯುವ ಕೆಲಸವೇ ಇಲ್ಲ. ಅಂತಹ ಆಹಾರವನ್ನು ಅದು ಕುಟ್ಟಿ ನುಂಗುತ್ತದೆ. ಆಗ ಅರೆಯುವ ಹಲ್ಲಿನ ಅಂಚುಗಳು ಮುಳ್ಳಿನಂತೆ ಬೆಳೆದು, ಮೇಲಿನವು ಕೆನ್ನೆಯನ್ನೂ ಕೆಳಗಿನವು ನಾಲಿಗೆಯನ್ನೂ ಕೊಯ್ಯುತ್ತವೆ. ಬೇರುಗಳು ದವಡೆಯೊಳಕ್ಕೆ ಒತ್ತಿಕೊಂಡು ಕಣ್ಣೀರಿನ ನಾಳವನ್ನು ಮುಚ್ಚುವುದೂ ಉಂಟು.

ಗಲ್ಲ ಒದ್ದೆಯಾಗಿರುವುದು, ಒಂದು ಕಣ್ಣಿನಲ್ಲಿ ಸದಾ ನೀರು, ಬಾಯಿಗೆ ತೆಗೆದುಕೊಂಡ ಹುಲ್ಲನ್ನು ಕೆಳಕ್ಕೆ ಬೀಳಿಸುವುದು, ಗಟ್ಟಿ ಮೇವನ್ನು ಬಿಟ್ಟು ಮೆತ್ತಗಿನದನ್ನೇ ಆರಿಸುವುದು, ಹಿಕ್ಕೆ ಚಿಕ್ಕದಾಗುವುದು, ತೂಕ ಇಳಿಯುವುದು ಇವು ಹಲ್ಲಿನ ಕಾಯಿಲೆಯ ಸಾಮಾನ್ಯ ಚಿಹ್ನೆಗಳು.

ಪಶುವೈದ್ಯರು ಕಾಯಿಲೆಗೆ ತಕ್ಕಂತೆ ಮೂರು ಬಗೆಯ ಚಿಕಿತ್ಸೆಗಳಲ್ಲಿ ಒಂದನ್ನು ಕೈಗೊಳ್ಳುತ್ತಾರೆ: ಬೆಳೆದ ಬಾಚಿಹಲ್ಲನ್ನು ತಿರುಗುವ ಅರದಿಂದ ಸವರುವುದು, ಅರೆಯುವ ಹಲ್ಲಿನ ಮುಳ್ಳುಗಳನ್ನು ಅರಿವಳಿಕೆ ಕೊಟ್ಟು ತೆಗೆಯುವುದು, ಹಲ್ಲನ್ನೇ ಬೇರುಸಹಿತ ಕೀಳುವುದು. ಉಗುರು ಕತ್ತರಿ, ತಂತಿ ಕತ್ತರಿಸುವ ಇಕ್ಕಳ ಮುಂತಾದವುಗಳಿಂದ ಮನೆಯಲ್ಲಿ ಹಲ್ಲನ್ನು ಕತ್ತರಿಸುವುದು ಅಪಾಯಕರ. ಹಲ್ಲು ಉದ್ದಕ್ಕೆ ಸೀಳಿ, ಸೀಳು ಬೇರಿಗೆ ಇಳಿದು ಅಲ್ಲಿ ಕೀವು ಕಟ್ಟುತ್ತದೆ. ಇದನ್ನು ಎಂದಿಗೂ ಮಾಡಬಾರದು.

ಹಸಿವು ಏಕೆ ಇಷ್ಟು ಅಪಾಯ?

ಹಸು, ನಾಯಿಗಳು ಒಂದು ಹೊತ್ತು ಮೇವು ಬಿಟ್ಟರೆ ಗಾಬರಿಯಾಗಬೇಕಾಗಿಲ್ಲ. ಮೊಲದ ವಿಷಯ ಹಾಗಲ್ಲ. ಮೊಲದ ಕರುಳು ಸದಾ ಚಲಿಸುತ್ತಿರಬೇಕು, ಆ ಚಲನೆಗೆ ನಾರು ಬೇಕು. ಮೇವು ನಿಂತರೆ ಕರುಳು ನಿಧಾನಿಸುತ್ತದೆ. ಕರುಳು ನಿಧಾನಿಸಿದರೆ ಹೊಟ್ಟೆಯಲ್ಲಿರುವುದು ಒಣಗಿ ಗಟ್ಟಿಯಾಗುತ್ತದೆ, ವಾಯು ತುಂಬುತ್ತದೆ, ನೋವಾಗುತ್ತದೆ. ನೋವಿನಿಂದ ಮೊಲ ಮೇವನ್ನು ಇನ್ನೂ ದೂರ ಮಾಡುತ್ತದೆ. ಈ ಸುತ್ತು ಒಮ್ಮೆ ಆರಂಭವಾದರೆ ತಾನಾಗಿ ನಿಲ್ಲುವುದಿಲ್ಲ. ಕೊಬ್ಬಿದ ಮೊಲಗಳಲ್ಲಿ ಮೈಕೊಬ್ಬು ಕರಗಿ ಯಕೃತ್ತಿನಲ್ಲಿ ಸೇರಿಕೊಂಡು ಸಾವಿಗೆ ಕಾರಣವಾಗುತ್ತದೆ. ಆದ್ದರಿಂದ ಮೊಲ 12 ಗಂಟೆಗಳ ಕಾಲ ಏನನ್ನೂ ತಿನ್ನದಿದ್ದರೆ ಅದು ತುರ್ತು ಪರಿಸ್ಥಿತಿ.

ಇನ್ನೊಂದು ವಿಷಯ. ಮೊಲದ ಕುರುಡುಕರುಳಿನಲ್ಲಿ ಉಪಕಾರಿ ಸೂಕ್ಷ್ಮಜೀವಿಗಳು ನಾರನ್ನು ಹುಳಿಯಿಸಿ ಪೋಷಕಾಂಶಗಳನ್ನು ತಯಾರಿಸುತ್ತವೆ. ಅದು ದ್ರಾಕ್ಷಿ ಗೊಂಚಲಿನಂತಹ ಮೆತ್ತಗಿನ ಹಿಕ್ಕೆಯಾಗಿ ಹೊರಬರುತ್ತದೆ. ಮೊಲವು ಬಾಗಿ ಅದನ್ನು ನೇರವಾಗಿ ತಿಂದುಬಿಡುತ್ತದೆ. ಇದು ರೋಗವೂ ಅಲ್ಲ, ಕೆಟ್ಟ ಅಭ್ಯಾಸವೂ ಅಲ್ಲ. ಹಸು ಮೆಲುಕು ಹಾಕಿದಂತೆಯೇ ಇದು ಮೊಲದ ಜೀರ್ಣಕ್ರಮ. ಬಾಯಿ ನೋಯುತ್ತಿರುವ ಮೊಲ ಇದನ್ನು ತಿನ್ನಲಾರದೆ ಬಿಟ್ಟಾಗ ಅದು ಬಾಲದ ಕೆಳಗೆ ಮೆತ್ತಿಕೊಳ್ಳುತ್ತದೆ. ಮನೆಯವರು ಅದನ್ನು ಭೇದಿ ಎಂದು ತಪ್ಪು ತಿಳಿಯುತ್ತಾರೆ.

ಆಸ್ಪತ್ರೆಗೆ ಒಯ್ಯುವ ಮುನ್ನ

1. ಶಸ್ತ್ರಚಿಕಿತ್ಸೆಗೆ ಮೊದಲು ನಾಯಿ, ಬೆಕ್ಕುಗಳನ್ನು ಉಪವಾಸ ಇಡುವಂತೆ ಮೊಲವನ್ನು ರಾತ್ರಿಯಿಡೀ ಉಪವಾಸ ಇಡಬಾರದು. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲವಾದ್ದರಿಂದ ಅದರ ಅಗತ್ಯವಿಲ್ಲ. ಎಷ್ಟು ಹೊತ್ತಿನವರೆಗೆ ಮೇವು ಕೊಡಬಹುದೆಂದು ವೈದ್ಯರನ್ನೇ ಕೇಳಿ ತಿಳಿಯಬೇಕು.

2. ಮೊಲ ಇಷ್ಟಪಟ್ಟು ತಿನ್ನುವ ಹುಲ್ಲು, ಸೊಪ್ಪನ್ನು ಜೊತೆಗೆ ಒಯ್ಯಬೇಕು. ಎಚ್ಚರಗೊಂಡ ಕೂಡಲೇ ಪರಿಚಿತ ವಾಸನೆಯ ಮೇವು ಮುಂದಿದ್ದರೆ ಬೇಗ ಬಾಯಿ ಹಾಕುತ್ತದೆ.

3. ಆ ದಿನ ಬೆಳಿಗ್ಗೆ ತೂಕ ನೋಡಿ ಬರೆದಿಡಬೇಕು. ಮುಂದಿನ ಎಲ್ಲ ಹೋಲಿಕೆಗೂ ಇದೇ ಆಧಾರ.

4. ಗಾಳಿಯಾಡುವ ಬುಟ್ಟಿಯ ತಳಕ್ಕೆ ಗೋಣಿತಾಟು ಹಾಸಿ ಅದರಲ್ಲಿ ಒಯ್ಯಬೇಕು. ರಾಯಚೂರು, ಕಲಬುರಗಿ, ಬಳ್ಳಾರಿ ಕಡೆಯ ಬೇಸಿಗೆಯಲ್ಲಿ ಬೆಳಗಿನ ತಂಪು ಹೊತ್ತಿನಲ್ಲಿಯೇ ಪ್ರಯಾಣ ಮಾಡುವುದು ಒಳ್ಳೆಯದು. ಮೊಲ ಬೆವರುವುದಿಲ್ಲ. ಉಷ್ಣತೆ 30 ಡಿಗ್ರಿ ಸೆಂ. ದಾಟಿದರೆ ಆರೋಗ್ಯವಂತ ಮೊಲಕ್ಕೂ ಆಯಾಸವಾಗುತ್ತದೆ.

5. ಜೊತೆಮೊಲ ಇದ್ದರೆ, ಅದನ್ನೂ ಕರೆದೊಯ್ಯಬಹುದೇ ಎಂದು ವಿಚಾರಿಸಬೇಕು. ಒಂದೆರಡು ದಿನ ದೂರವಾದ ಮೊಲಗಳು ಮರಳಿ ಕೂಡಿಸಿದಾಗ ಕಾದಾಡುವುದುಂಟು.

ಮೊದಲ ರಾತ್ರಿಯ ಆರೈಕೆ

ಬೆಚ್ಚಗಿಡುವುದು: ಅರಿವಳಿಕೆಯ ನಂತರ ಮೈಶಾಖ ಇಳಿಯುತ್ತದೆ. ಮೊಲದ ಸಹಜ ಮೈಶಾಖ 38.5 ರಿಂದ 40 ಡಿಗ್ರಿ ಸೆಂ. ಶೀಷೆಯಲ್ಲಿ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಗೂಡಿನ ಒಂದು ಬದಿಯಲ್ಲಿ ಮಾತ್ರ ಇಡಬೇಕು. ಬೇಕೆನಿಸಿದರೆ ಮೊಲ ಅದರ ಪಕ್ಕ ಕೂರುತ್ತದೆ, ಸಾಕೆನಿಸಿದರೆ ದೂರ ಸರಿಯುತ್ತದೆ. ಬರಿಯ ಬಿಸಿ ಶೀಷೆಯನ್ನು ಮೈಗೆ ಒತ್ತಿಡಬಾರದು. ಕಿವಿಯ ಬುಡ ತಣ್ಣಗಾಗಿದ್ದು ಮೊಲ ಜೋಲುಬಿದ್ದಿದ್ದರೆ ತಡಮಾಡದೆ ವೈದ್ಯರಿಗೆ ತಿಳಿಸಬೇಕು. ಬೇಸಿಗೆಯಲ್ಲಿ ಮೊಲ ಪೂರ್ಣ ಎಚ್ಚರಗೊಂಡ ಮೇಲೆ ಈ ಶಾಖವನ್ನು ತೆಗೆದುಬಿಡಬೇಕು.

ಹಾಸು: ಮರದ ಹೊಟ್ಟು, ಭತ್ತದ ಹೊಟ್ಟುಗಳನ್ನು ಹಾಸಬಾರದು, ಅವು ಬಾಯಿಯ ಗಾಯಕ್ಕೆ ಅಂಟಿಕೊಳ್ಳುತ್ತವೆ. ಶುಭ್ರವಾದ ಹಳೆಯ ಹತ್ತಿಬಟ್ಟೆ ಅಥವಾ ಕಾಗದ ಹಾಸಿದರೆ ಹಿಕ್ಕೆ ಎಣಿಸುವುದಕ್ಕೂ ಅನುಕೂಲ.

ನೀರು: ಗೂಡಿಗೆ ನೇತುಹಾಕಿದ ಶೀಷೆಯ ಲೋಹದ ಕೊಳವೆಯನ್ನು ನೆಕ್ಕುವುದು ನೋಯುವ ಬಾಯಿಗೆ ಕಷ್ಟ. ಅಗಲವಾದ, ಮಗುಚದಂತಹ ಮಣ್ಣಿನ ಅಥವಾ ಪಿಂಗಾಣಿಯ ಬಟ್ಟಲಿನಲ್ಲಿ ನೀರಿಡಬೇಕು. 2 ಕಿ.ಗ್ರಾಂ ತೂಗುವ ಮೊಲಕ್ಕೆ ದಿನಕ್ಕೆ ಸುಮಾರು 200 ಮಿ.ಲೀ. ನೀರು ಬೇಕು. ಅದರಲ್ಲಿ ಸ್ವಲ್ಪ ಭಾಗ ಹಸಿಸೊಪ್ಪಿನಿಂದ ಸಿಗುತ್ತದೆ.

ಮೇವು: ಮೊಲದ ಮುಂದೆ ಮೆತ್ತಗಿನ ಒಣಹುಲ್ಲು, ಎಳೆಯ ಗರಿಕೆ, ಕೊತ್ತಂಬರಿ ಸೊಪ್ಪು, ಕ್ಯಾರೆಟ್ ಮತ್ತು ಮೂಲಂಗಿಯ ಎಲೆಗಳನ್ನು ಸದಾ ಇಟ್ಟಿರಬೇಕು. ಬಾಚಿಹಲ್ಲು ಸವರಿದ ಅಥವಾ ಕಿತ್ತ ಮೊಲಕ್ಕೆ ಕಚ್ಚಿ ಹರಿಯಲು ಆಗುವುದಿಲ್ಲ. ಆದ್ದರಿಂದ ಹುಲ್ಲನ್ನು 3 ರಿಂದ 5 ಸೆಂ.ಮೀ. ಉದ್ದಕ್ಕೆ ಕತ್ತರಿಸಿ ಕೊಡಬೇಕು. ಬಾಚಿಹಲ್ಲುಗಳನ್ನೆಲ್ಲ ಕಿತ್ತ ಮೊಲವೂ ಕೆಲವೇ ದಿನಗಳಲ್ಲಿ ತುಟಿಯಿಂದ ಮೇವನ್ನು ಎಳೆದುಕೊಳ್ಳಲು ಕಲಿತು, ಹಿಂದಿನ ಹಲ್ಲುಗಳಿಂದ ಅಗಿದು ಚೆನ್ನಾಗಿ ಬಾಳುತ್ತದೆ.

ಕೊರಳಪಟ್ಟಿ: ನಾಯಿಗಳಿಗೆ ಹಾಕುವ ಅಗಲವಾದ ಪ್ಲಾಸ್ಟಿಕ್ ಕೊರಳಪಟ್ಟಿಯನ್ನು ವೈದ್ಯರು ಹೇಳದೆ ಮೊಲಕ್ಕೆ ಹಾಕಬಾರದು. ಅದರಿಂದ ಮೊಲ ಮೆತ್ತಗಿನ ಹಿಕ್ಕೆಯನ್ನು ತಿನ್ನಲಾರದು. ಭಯದಿಂದ ಮೇವನ್ನೂ ಬಿಡುತ್ತದೆ.

ಹುಲ್ಲಿನ ಗಂಜಿ: ತಯಾರಿಕೆ ಮತ್ತು ಉಣಿಸುವ ಕ್ರಮ

ಮನೆಗೆ ಬಂದ 4 ಗಂಟೆಯೊಳಗೆ ಮೊಲ ತಾನಾಗಿ ತಿನ್ನದಿದ್ದರೆ, ವೈದ್ಯರ ಒಪ್ಪಿಗೆ ಪಡೆದು ಕೈಯಿಂದ ಉಣಿಸಬೇಕು. ಇಲ್ಲಿ ಗಂಜಿ ಎಂದರೆ ಅಕ್ಕಿ, ರಾಗಿಯ ಗಂಜಿ ಅಲ್ಲ. ಹಿಟ್ಟಿನ ಗಂಜಿ, ಹಾಲು, ಸಕ್ಕರೆನೀರು, ಬ್ರೆಡ್ಡು ಇವು ಕುರುಡುಕರುಳಿನ ಸೂಕ್ಷ್ಮಜೀವಿಗಳ ಸಮತೋಲನವನ್ನು ಕೆಡಿಸುತ್ತವೆ. ಕೊಡಬೇಕಾದುದು ನಾರಿನ ಗಂಜಿ.

ತಯಾರಿಕೆ: ಮೊಲದ ಗುಳಿಗೆ ಆಹಾರವನ್ನು ನುಣ್ಣಗೆ ಪುಡಿಮಾಡಿ, ಒಂದು ಅಳತೆ ಪುಡಿಗೆ ಮೂರು ಅಳತೆ ಉಗುರುಬೆಚ್ಚಗಿನ ನೀರು ಬೆರೆಸಿ 20 ನಿಮಿಷ ನೆನೆಯಲು ಬಿಡಬೇಕು. ಚೆನ್ನಾಗಿ ಒಣಗಿದ ಹುಲ್ಲನ್ನು ಮಿಕ್ಸಿಯಲ್ಲಿ ಪುಡಿಮಾಡಿ, ವಸ್ತ್ರಗಾಳಿತ ಮಾಡಿ ಸ್ವಲ್ಪ ಸೇರಿಸಬಹುದು. ಗುಳಿಗೆ ಆಹಾರ ಸಿಗದಿದ್ದರೆ ಹುಲ್ಲಿನ ಪುಡಿಯನ್ನೂ ಕೊತ್ತಂಬರಿ ಮುಂತಾದ ಹಸಿಸೊಪ್ಪನ್ನೂ ಒಟ್ಟಿಗೆ ರುಬ್ಬಿ ತಾತ್ಕಾಲಿಕವಾಗಿ ಬಳಸಬಹುದು. ಪಟ್ಟಣದ ಔಷಧಿ ಅಂಗಡಿಗಳಲ್ಲಿ ಇದಕ್ಕೆಂದೇ ತಯಾರಿಸಿದ ಪುಡಿ ದೊರೆತರೆ ಅದೇ ಉತ್ತಮ. ಪ್ರತಿ ಸಲವೂ ಹೊಸದಾಗಿ ತಯಾರಿಸಬೇಕು; ಉಳಿದುದನ್ನು ಚೆಲ್ಲಬೇಕು.

ಪ್ರಮಾಣ: ಮೊಲದ ಪ್ರತಿ ಕಿ.ಗ್ರಾಂ ತೂಕಕ್ಕೆ ದಿನಕ್ಕೆ ಸುಮಾರು 50 ಮಿ.ಲೀ. ಗಂಜಿ. 2 ಕಿ.ಗ್ರಾಂ ಮೊಲಕ್ಕೆ 100 ಮಿ.ಲೀ. ಆಗುತ್ತದೆ. ಇದನ್ನು ಬೆಳಿಗ್ಗೆ 6, 10, ಮಧ್ಯಾಹ್ನ 2, ಸಂಜೆ 6, ರಾತ್ರಿ 10 ಗಂಟೆಗೆ ತಲಾ 20 ಮಿ.ಲೀ.ನಂತೆ ಐದು ಸಲ ಕೊಡಬಹುದು. ಮೊದಲ ರಾತ್ರಿ ಮಾತ್ರ 2 ಗಂಟೆಗೂ ಒಮ್ಮೆ ಎದ್ದು ಕೊಡುವುದು ಕ್ಷೇಮ. ಮೊದಲ ಒಂದೆರಡು ಸಲ ಅರ್ಧ ಪ್ರಮಾಣದಿಂದ ಆರಂಭಿಸಬೇಕು. ಮೊಲ ತಾನಾಗಿ ತಿನ್ನತೊಡಗಿದಂತೆ ಗಂಜಿಯನ್ನು ಕ್ರಮೇಣ ಕಡಿಮೆ ಮಾಡಬೇಕು.

ಉಣಿಸುವ ಕ್ರಮ:

1. ಮೊಲವನ್ನು ಟವೆಲಿನಲ್ಲಿ ಸುತ್ತಿ, ಕಾಲುಗಳು ನೆಲಕ್ಕೆ ಊರಿರುವಂತೆ ಕೂರಿಸಿಕೊಳ್ಳಬೇಕು. ಅಂಗಾತ ಮಲಗಿಸಬಾರದು, ಗಂಜಿ ಶ್ವಾಸನಾಳಕ್ಕೆ ಹೋಗುತ್ತದೆ. ಹಿಂಗಾಲುಗಳಿಗೆ ಆಸರೆಯಿಲ್ಲದೆ ಎತ್ತಿದರೆ ಮೊಲ ಒದೆದುಕೊಂಡು ತನ್ನ ಬೆನ್ನೆಲುಬನ್ನೇ ಮುರಿದುಕೊಳ್ಳಬಹುದು. ಕಿವಿ ಹಿಡಿದು ಎತ್ತಲೇಬಾರದು.

2. ಸೂಜಿ ತೆಗೆದ ಹೊಸ ಸಿರಿಂಜಿನ ತುದಿಯನ್ನು ಬಾಚಿಹಲ್ಲಿನ ಹಿಂದಿನ ಖಾಲಿ ಜಾಗದಲ್ಲಿ ಪಕ್ಕದಿಂದ ಇಡಬೇಕು. ಹಲ್ಲು ಕಿತ್ತ ಬದಿಯನ್ನು ಬಿಟ್ಟು ಇನ್ನೊಂದು ಬದಿಯನ್ನು ಆರಿಸಬೇಕು.

3. ಒಂದು ಸಲಕ್ಕೆ ಅರ್ಧದಿಂದ 1 ಮಿ.ಲೀ. ಮಾತ್ರ ಬಿಟ್ಟು, ಅಗಿದು ನುಂಗಿದ ಮೇಲೆಯೇ ಮುಂದಿನದನ್ನು ಕೊಡಬೇಕು. ಅವಸರ ಮಾಡಬಾರದು.

4. ಮುಗಿದ ಮೇಲೆ ಗಲ್ಲವನ್ನೂ ಎದೆಯ ಕೂದಲನ್ನೂ ಒದ್ದೆಬಟ್ಟೆಯಿಂದ ಒರೆಸಿ ಒಣಗಿಸಬೇಕು. ಒದ್ದೆಯಾಗಿ ಉಳಿದ ಚರ್ಮದಲ್ಲಿ ಹುಣ್ಣಾಗುತ್ತದೆ.

ಹೊಟ್ಟೆ ಉಬ್ಬಿ ತಮಟೆಯಂತೆ ಬಿಗಿದಿದ್ದರೆ, ಮೈ ತಣ್ಣಗಾಗಿದ್ದರೆ ಅಥವಾ ಮೊಲಕ್ಕೆ ಪೂರ್ಣ ಎಚ್ಚರ ಬಂದಿರದಿದ್ದರೆ ಗಂಜಿಯನ್ನು ಕೊಡಬಾರದು. ಅಂತಹ ಮೊಲವನ್ನು ಮೊದಲು ವೈದ್ಯರಿಗೆ ತೋರಿಸಬೇಕು.

ಔಷಧಿಯ ವಿಷಯದಲ್ಲಿ ಎಚ್ಚರಿಕೆ

ಮೊಲ ನೋವನ್ನು ಬಚ್ಚಿಡುವ ಪ್ರಾಣಿ. ಬೇಟೆಗೆ ಬಲಿಯಾಗುವ ಪ್ರಾಣಿಗಳ ಸ್ವಭಾವವೇ ಅದು. ಅದು ಕೂಗುವುದಿಲ್ಲ, ಕುಂಯ್ಗುಡುವುದಿಲ್ಲ. ಬೆನ್ನು ಗೂನು ಮಾಡಿ ಮೂಲೆಯಲ್ಲಿ ಕೂರುವುದು, ಕಣ್ಣು ಅರೆಮುಚ್ಚುವುದು, ಹಲ್ಲು ಕಟಕಟನೆ ಕಡಿಯುವುದು ಇವೇ ನೋವಿನ ಗುರುತು. ಮೊಲ ಸುಮ್ಮನೆ ಕುಳಿತಿದೆ ಎಂದು ವೈದ್ಯರು ಕೊಟ್ಟ ನೋವುನಿವಾರಕವನ್ನು ನಡುವೆ ನಿಲ್ಲಿಸಬಾರದು. ನೋವು ಇಳಿದರೆ ಮಾತ್ರ ಮೊಲ ಮೇವು ತಿನ್ನುತ್ತದೆ. ಮನುಷ್ಯರ ಮಾತ್ರೆಯನ್ನು ಮುರಿದು ಕೊಡುವ ಅಭ್ಯಾಸ ಖಂಡಿತ ಕೂಡದು.

ಇದಕ್ಕಿಂತ ಮುಖ್ಯವಾದುದು ಜೀವಿರೋಧಕ ಔಷಧಿಗಳ ವಿಷಯ. ಅಮಾಕ್ಸಿಸಿಲಿನ್, ಆಂಪಿಸಿಲಿನ್, ಲಿಂಕೋಮೈಸಿನ್, ಕ್ಲಿಂಡಾಮೈಸಿನ್, ಎರಿಥ್ರೋಮೈಸಿನ್ ಇವನ್ನು ಬಾಯಿಯ ಮೂಲಕ ಕೊಟ್ಟರೆ ಕುರುಡುಕರುಳಿನ ಉಪಕಾರಿ ಸೂಕ್ಷ್ಮಜೀವಿಗಳು ನಾಶವಾಗಿ, ವಿಷಕಾರಕ ಸೂಕ್ಷ್ಮಜೀವಿಗಳು ಹೆಚ್ಚಿ, ಮೊಲ ತೀವ್ರ ಭೇದಿಯಿಂದ ಸಾಯಬಹುದು. ಮನುಷ್ಯರಿಗೂ ದನಕರುಗಳಿಗೂ ದಿನನಿತ್ಯ ಬಳಸುವ ಔಷಧಿಗಳಾದ್ದರಿಂದ ಇವು ಹಳ್ಳಿಯ ಮನೆಗಳಲ್ಲಿಯೂ ಇರುತ್ತವೆ. ಬಾಯಿಯಲ್ಲಿ ಗಾಯವಿದೆ, ಕೀವಾಗದಿರಲಿ ಎಂದು ಒಳ್ಳೆಯ ಉದ್ದೇಶದಿಂದ ಕೊಟ್ಟರೂ ಪರಿಣಾಮ ಅದೇ. ವಿಸ್ತರಣಾ ಕಾರ್ಯಕರ್ತರು ಈ ವಿಷಯವನ್ನು ಮೊಲ ಸಾಕುವ ಪ್ರತಿಯೊಬ್ಬರಿಗೂ ಮನದಟ್ಟು ಮಾಡಿಕೊಡಬೇಕು.

ಮಳೆಗಾಲದಲ್ಲಿ ನೊಣಗಳು ಹಿಂಭಾಗದ ಕೊಳೆಯ ಮೇಲೆ ಮೊಟ್ಟೆಯಿಟ್ಟು, ಒಂದೇ ದಿನದಲ್ಲಿ ಹುಳುಗಳಾಗಿ ಚರ್ಮವನ್ನು ಕೊರೆಯುತ್ತವೆ. ಬೆಳಿಗ್ಗೆ ಸಂಜೆ ಬಾಲದ ಕೆಳಗೆ ನೋಡಿ, ಮೆತ್ತಿದ್ದನ್ನು ಬೆಚ್ಚಗಿನ ನೀರಿನ ಬಟ್ಟೆಯಿಂದ ಒರೆಸಬೇಕು. ನಾಯಿಗಳ ಉಣ್ಣೆಹುಳುವಿಗೆ ಬಳಸುವ ಫಿಪ್ರೋನಿಲ್ ಔಷಧಿಯು ಮೊಲಕ್ಕೆ ವಿಷ. ಅದನ್ನು ಸಿಂಪಡಿಸಬಾರದು.

ದಿನಗಳಿಗೆ ಅನುಗುಣವಾಗಿ ಗಮನಿಸಬೇಕಾದ ಅಂಶಗಳು

ಮೊದಲ 12 ಗಂಟೆ: ಎಚ್ಚರ, ಮೈಶಾಖ, ಸ್ವಲ್ಪವಾದರೂ ತಿಂದಿದೆಯೇ ಎಂಬುದು.

12 ರಿಂದ 24 ಗಂಟೆ: ಹಿಕ್ಕೆ ಬಿದ್ದಿದೆಯೇ ಎಂಬುದು. ಆರೋಗ್ಯವಂತ ಮೊಲ ದಿನಕ್ಕೆ ನೂರಕ್ಕೂ ಹೆಚ್ಚು ಹಿಕ್ಕೆ ಹಾಕುತ್ತದೆ. ಚಿಕಿತ್ಸೆಯ ಮರುದಿನ ಅವು ಕಡಿಮೆಯಾಗಿ, ಚಿಕ್ಕದಾಗಿರುವುದು ಸಹಜ. ಒಂದೂ ಇಲ್ಲದಿರುವುದು ಸಹಜವಲ್ಲ.

2 ರಿಂದ 3ನೆಯ ದಿನ: ಸೊಪ್ಪು, ಮೆತ್ತಗಿನ ಹುಲ್ಲನ್ನು ತಾನಾಗಿ ತಿನ್ನಬೇಕು. ಗುಳಿಗೆ ಆಹಾರವನ್ನು ನೆನೆಸಿ ಕೊಡಬಹುದು.

4 ರಿಂದ 7ನೆಯ ದಿನ: ಎಂದಿನ ಒಣಹುಲ್ಲಿಗೆ ಮರಳಬೇಕು. ಗಂಜಿಯನ್ನು ಪೂರ್ತಿ ನಿಲ್ಲಿಸುವ ಮೊದಲು ಎರಡು ದಿನ ತೂಕ ಸ್ಥಿರವಾಗಿರಬೇಕು.

7 ರಿಂದ 10ನೆಯ ದಿನ: ವೈದ್ಯರಿಂದ ಮರುಪರೀಕ್ಷೆ.

ತೂಕವನ್ನು ಪ್ರತಿದಿನ ಒಂದೇ ಹೊತ್ತಿನಲ್ಲಿ ನೋಡಬೇಕು. 2 ಕಿ.ಗ್ರಾಂ ಮೊಲ 100 ಗ್ರಾಂ ಇಳಿದರೆ ವೈದ್ಯರಿಗೆ ತಿಳಿಸಬೇಕು. 200 ಗ್ರಾಂ ಇಳಿದರೆ ಕೂಡಲೇ ಒಯ್ಯಬೇಕು. ತಿಂದಂತೆ ಕಂಡರೂ ತೂಕ ಇಳಿಯುತ್ತಿರುವ ಮೊಲಗಳಿವೆ. ಆದ್ದರಿಂದ ಕಣ್ಣಂದಾಜು ಸಾಲದು, ತಕ್ಕಡಿಯೇ ಬೇಕು.

ಈ ಕೆಳಗಿನ ಯಾವುದೊಂದು ಕಂಡರೂ ರಾತ್ರಿ ಕಳೆಯಲೆಂದು ಕಾಯಬಾರದು: 12 ಗಂಟೆ ಮೇವಿಲ್ಲದಿರುವುದು ಅಥವಾ ಹಿಕ್ಕೆ ಇಲ್ಲದಿರುವುದು, ಹೊಟ್ಟೆ ಉಬ್ಬರ, ಬಾಯಿಯಿಂದ ನಿಲ್ಲದ ರಕ್ತ, ಬಾಯಿ ತೆರೆದು ಉಸಿರಾಡುವುದು, ನೀರಿನಂತಹ ಭೇದಿ, ತಣ್ಣಗಿನ ಮೈ. ಕೆಲವು ವಾರಗಳ ನಂತರ ದವಡೆಯಲ್ಲಿ ಗಟ್ಟಿ ಊತ ಕಂಡರೆ ಕೀವುಗಂಟು ಇರಬಹುದು. ಮೊಲದ ಕೀವು ಬೆಣ್ಣೆಯಂತೆ ಗಟ್ಟಿಯಾಗಿರುವುದರಿಂದ ಚುಚ್ಚಿ ಹಿಂಡಿದರೆ ಹೊರಬರುವುದಿಲ್ಲ. ಅದಕ್ಕೆ ಶಸ್ತ್ರಚಿಕಿತ್ಸೆಯೇ ಬೇಕು.

ಕಾಯಿಲೆ ಮರುಕಳಿಸದಂತೆ ಮೇವಿನ ವ್ಯವಸ್ಥೆ

ಸವರಿದ ಹಲ್ಲು ಮತ್ತೆ ಬೆಳೆಯುತ್ತದೆ. ಮೇವು ಬದಲಾಗದಿದ್ದರೆ ಮೊಲ ಮತ್ತೆ ಅದೇ ಮೇಜಿನ ಮೇಲೆ ಮಲಗಬೇಕಾಗುತ್ತದೆ. "ತಾನು ಹಿಡಿದ ಮೊಲಕ್ಕೆ ಮೂರೇ ಕಾಲು" ಎಂಬಂತೆ ಮೊಲಕ್ಕೆ ಕ್ಯಾರೆಟ್ಟೇ ಆಹಾರ ಎಂದು ಹಠ ಹಿಡಿಯುವವರು ಬಹಳ. ಕ್ಯಾರೆಟ್ ಗೆಡ್ಡೆ ಸಿಹಿತಿಂಡಿ ಇದ್ದಂತೆ, ಬೆರಳಿನ ಗಾತ್ರದ ಒಂದು ತುಂಡು ಸಾಕು. ಮೊಲದ ಆಹಾರ ಹುಲ್ಲು.

ಎಡಿನ್‌ಬರೋ ವಿಶ್ವವಿದ್ಯಾಲಯದ ಸಂಶೋಧಕರು 32 ಡಚ್ ತಳಿಯ ಮೊಲಗಳನ್ನು ನಾಲ್ಕು ಗುಂಪು ಮಾಡಿ, 17 ತಿಂಗಳ ಕಾಲ ಬೇರೆಬೇರೆ ಆಹಾರ ಕೊಟ್ಟು ಪರೀಕ್ಷಿಸಿದ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಒಣಹುಲ್ಲಿಲ್ಲದೆ ಕಾಳುಮಿಶ್ರಣವನ್ನಷ್ಟೇ ತಿಂದ ಗುಂಪಿನಲ್ಲಿ ಅರೆಯುವ ಹಲ್ಲುಗಳು ಬಾಗುವುದು ಕಂಡುಬಂದಿತು. ಬಿಸಿಲು ಕಾಣದೆ ಮನೆಯೊಳಗೇ ಇರುವ ಮೊಲಗಳಲ್ಲಿ ಡಿ ಜೀವಸತ್ವದ ಕೊರತೆಯೂ, ಕಾಳುಗಳನ್ನೇ ಆರಿಸಿ ತಿನ್ನುವುದರಿಂದ ಸುಣ್ಣದಂಶದ ಕೊರತೆಯೂ ಸೇರಿ ದವಡೆಯ ಮೂಳೆ ಸಡಿಲಗೊಳ್ಳುವ ಸಂಭವವಿದೆ. ಬೆಳಗಿನ ಎಳೆಬಿಸಿಲಿನಲ್ಲಿ, ನೆರಳಿನ ಆಸರೆಯೂ ಇರುವಂತೆ, ಮೊಲವನ್ನು ಸ್ವಲ್ಪ ಹೊತ್ತು ಬಿಡುವುದು ಒಳ್ಳೆಯದು.

ಬೆಳೆದ ಮೊಲದ ದಿನದ ಮೇವಿನಲ್ಲಿ ಬಹುಪಾಲು ಹುಲ್ಲು ಇರಬೇಕು. ಒಂದು ಹಿಡಿ ಬಗೆಬಗೆಯ ಸೊಪ್ಪು, 2 ಕಿ.ಗ್ರಾಂ ಮೊಲಕ್ಕೆ ಹೆಚ್ಚೆಂದರೆ 50 ಗ್ರಾಂ ಗುಳಿಗೆ ಆಹಾರ ಸಾಕು. ಕುದುರೆಮೆಂತೆಯಲ್ಲಿ ಸಸಾರಜನಕ ಮತ್ತು ಸುಣ್ಣದಂಶ ಹೆಚ್ಚಾಗಿರುವುದರಿಂದ ಅದು ಮರಿಗಳಿಗೆ ಒಳ್ಳೆಯದು, ಬೆಳೆದ ಮೊಲಗಳಿಗೆ ಮಿತವಾಗಿರಬೇಕು. ಭತ್ತದ ಹುಲ್ಲು ನಾರಿಗಾಗಿ ಆಗಬಹುದು, ಆದರೆ ಅದರಲ್ಲಿ ಸತ್ವ ಕಡಿಮೆ, ಅದೊಂದನ್ನೇ ನಂಬಬಾರದು. ಎಳೆಯ ಜೋಳದ ಪೈರು, ಸುಬಾಬುಲ್ ಸೊಪ್ಪಿನ ಅತಿ ಬಳಕೆ, ಲಂಟಾನ, ಕಣಗಿಲೆ, ಆಲೂಗಡ್ಡೆ ಗಿಡದ ಎಲೆ, ಈರುಳ್ಳಿ, ಬೆಳ್ಳುಳ್ಳಿ ಇವುಗಳನ್ನು ವರ್ಜಿಸಬೇಕು. ಕಳೆನಾಶಕ, ಕೀಟನಾಶಕ ಸಿಂಪಡಿಸಿದ ಬದುಗಳ ಹುಲ್ಲನ್ನು ಕೊಯ್ಯಬಾರದು. ಬೂಷ್ಟು ಹಿಡಿದ ಹುಲ್ಲನ್ನು ಗೊಬ್ಬರದ ಗುಂಡಿಗೆ ಹಾಕಬೇಕೇ ಹೊರತು ಮೊಲಕ್ಕೆ ಹಾಕಬಾರದು.

ಕಾಲು ಗುಂಟೆಯಲ್ಲಿ ವರ್ಷದ ಹುಲ್ಲು

ಒಂದು ಮೊಲಕ್ಕೆ ಎಷ್ಟು ಹುಲ್ಲು ಬೇಕೆಂದು ಲೆಕ್ಕ ಹಾಕುವುದು ಸುಲಭ. 2 ಕಿ.ಗ್ರಾಂ ಮೊಲ ದಿನಕ್ಕೆ ಸುಮಾರು 100 ಗ್ರಾಂ ಒಣಹುಲ್ಲು ತಿನ್ನುತ್ತದೆ ಎಂದಿಟ್ಟುಕೊಂಡರೆ ವರ್ಷಕ್ಕೆ 36.5 ಕಿ.ಗ್ರಾಂ ಆಗುತ್ತದೆ. 4 ಕಿ.ಗ್ರಾಂ ಹಸಿಹುಲ್ಲು ಒಣಗಿ ಸುಮಾರು 1 ಕಿ.ಗ್ರಾಂ ಆಗುವುದರಿಂದ ಬೇಕಾಗುವ ಹಸಿಹುಲ್ಲು ಸುಮಾರು 146 ಕಿ.ಗ್ರಾಂ. ನೀರಾವರಿಯಲ್ಲಿ ಗಿನಿಹುಲ್ಲು ವರ್ಷಕ್ಕೆ ಹೆಕ್ಟೇರಿಗೆ 80 ಟನ್ ಬಂದರೂ ಒಂದು ಚದರ ಮೀಟರಿಗೆ 8 ಕಿ.ಗ್ರಾಂ ಆಯಿತು. ಕಾಲು ಗುಂಟೆ, ಅಂದರೆ 25 ಚದರ ಮೀಟರಿನಲ್ಲಿ 200 ಕಿ.ಗ್ರಾಂ ದೊರೆಯುತ್ತದೆ. ತೆಂಗಿನ ಮರಗಳ ನಡುವಿನ ನೆರಳಿನಲ್ಲಿಯೂ ಗಿನಿಹುಲ್ಲು ಬೆಳೆಯುತ್ತದೆ, ಆದರೆ ಇಳುವರಿ ಕಡಿಮೆ; ಅಲ್ಲಿ ಜಾಗವನ್ನು ಇಮ್ಮಡಿ ಮಾಡಿಕೊಳ್ಳಬೇಕು. ಕಾಂಡ ತೆಳುವಾಗಿದ್ದು ಬೇಗ ಒಣಗುವ ರೋಡ್ಸ್ ಹುಲ್ಲು ಒಣಹುಲ್ಲಿಗೆ ಇನ್ನೂ ಅನುಕೂಲ.

ಹುಲ್ಲನ್ನು ಹೂ ಬರುವ ಹಂತದಲ್ಲಿ, ಇಬ್ಬನಿ ಆರಿದ ಮೇಲೆ ಕೊಯ್ದು ತೆಳುವಾಗಿ ಹರಡಿ, ದಿನಕ್ಕೆ ಎರಡು ಸಲ ಮಗುಚಬೇಕು. ಬಣ್ಣ ಹಸಿರಾಗಿಯೇ ಉಳಿದು, ತಿರುಚಿದರೆ ಪಟಪಟನೆ ಮುರಿಯುವಂತಾದಾಗ ಒಣಗಿದೆ ಎಂದು ತಿಳಿಯಬಹುದು. ತೇವಾಂಶ ಶೇಕಡಾ 15ಕ್ಕಿಂತ ಕಡಿಮೆಯಿರಬೇಕು. ಗೋಣಿಚೀಲಗಳಲ್ಲಿ ತುಂಬಿ, ನೆಲದಿಂದ ಎತ್ತರದ ಅಟ್ಟದ ಮೇಲೆ ಇಡಬೇಕು. ಮಲೆನಾಡು, ಕರಾವಳಿಗಳಲ್ಲಿ ಮಳೆ ಹಿಡಿಯುವ ಮೊದಲೇ, ಅಂದರೆ ಮೇ ತಿಂಗಳೊಳಗಾಗಿ ನಾಲ್ಕು ತಿಂಗಳ ದಾಸ್ತಾನು ಮಾಡಿಕೊಳ್ಳುವುದು ಅಗತ್ಯ.

ತಳಿ ಮತ್ತು ಮುಂದಿನ ನಿರ್ಧಾರ

ಮರಿಯಾಗಿದ್ದಾಗಲೇ ಮೇಲಿನ ಮತ್ತು ಕೆಳಗಿನ ಬಾಚಿಹಲ್ಲುಗಳು ಕೂಡದಿದ್ದರೆ ಅದು ಬಹುತೇಕ ವಂಶಪಾರಂಪರ್ಯ ದೋಷ. ಇದು ಎರಡೂ ಕಡೆಯಿಂದ ಬಂದಾಗ ಮಾತ್ರ ಪ್ರಕಟವಾಗುವ ಗುಣವಾದ್ದರಿಂದ, ಹಲ್ಲು ಸರಿಯಿರುವ ತಂದೆತಾಯಿಗಳಿಗೂ ಇಂತಹ ಮರಿ ಹುಟ್ಟಬಹುದು. ಅಂತಹ ಮರಿಯಿಂದಲೂ ಅದನ್ನು ಹೆತ್ತ ಜೋಡಿಯಿಂದಲೂ ತಳಿ ಮುಂದುವರಿಸಬಾರದು. ಮೊಲ ಸಾಕಣೆದಾರರು ಮಾರುವ ಮುನ್ನ ಪ್ರತಿ ಮರಿಯ ತುಟಿ ಎತ್ತಿ ಹಲ್ಲು ನೋಡುವುದನ್ನು, ಕೊಳ್ಳುವವರೂ ಹಾಗೆಯೇ ನೋಡಿ ಕೊಳ್ಳುವುದನ್ನು ರೂಢಿ ಮಾಡಿಕೊಂಡರೆ ಮುಂದಿನ ಎಷ್ಟೋ ಸಂಕಟ ತಪ್ಪುತ್ತದೆ.

ದೋಷವಿರುವ ಬಾಚಿಹಲ್ಲನ್ನು ಸುಮಾರು 4 ರಿಂದ 6 ವಾರಗಳಿಗೊಮ್ಮೆ ಜೀವಮಾನವಿಡೀ ಸವರಿಸಬೇಕಾಗುತ್ತದೆ. ಪ್ರತಿ ಸಲದ ಪ್ರಯಾಣ, ಭಯ, ಖರ್ಚುಗಳನ್ನು ಲೆಕ್ಕಹಾಕಿದರೆ ಒಮ್ಮೆ ಕೀಳಿಸುವುದೇ ಮೇಲು ಎಂಬುದು ಸಾಮಾನ್ಯ ಅಭಿಪ್ರಾಯ. ಅರೆಯುವ ಹಲ್ಲಿನ ಕಾಯಿಲೆ ಬೇರಿಗೆ ಇಳಿದಿದ್ದರೆ ಪೂರ್ಣ ಗುಣ ಅಪರೂಪ. ಮೇವನ್ನು ತಿದ್ದಿ ಚಿಕಿತ್ಸೆಗಳ ನಡುವಿನ ಅಂತರವನ್ನು ಹೆಚ್ಚಿಸಿಕೊಳ್ಳಬಹುದು. ಎಷ್ಟು ಆರೈಕೆ ಮಾಡಿದರೂ ಮೊಲ ನೋವಿನಲ್ಲಿಯೇ ಇದ್ದು, ತಾನಾಗಿ ತಿನ್ನಲಾರದೆ ಕ್ಷೀಣಿಸುತ್ತಿದ್ದರೆ, ಅದನ್ನು ಹಸಿವಿನಿಂದ ಸಾಯಲು ಬಿಡುವುದು ದಯೆಯಲ್ಲ. ನೋವಿಲ್ಲದ ಅಂತ್ಯದ ಬಗ್ಗೆ ವೈದ್ಯರೊಡನೆ ಮುಕ್ತವಾಗಿ ಮಾತನಾಡಬೇಕು. ಮೊಲವನ್ನು ನೋಡಿಕೊಂಡ ಮಕ್ಕಳಿಗೂ ವಿಷಯವನ್ನು ತಿಳಿಯಹೇಳಬೇಕು.

ಮೊಲದ ಹಲ್ಲಿನ ಚಿಕಿತ್ಸೆಗೆ ವಿಶೇಷ ಉಪಕರಣಗಳು ಬೇಕಾಗುವುದರಿಂದ ಎಲ್ಲ ಪಶು ಆಸ್ಪತ್ರೆಗಳಲ್ಲಿಯೂ ಅದು ಸಾಧ್ಯವಾಗದು. ತಾಲ್ಲೂಕು ಪಶುವೈದ್ಯರ ಮೂಲಕ ಹೆಬ್ಬಾಳ, ಬೀದರ್, ಶಿವಮೊಗ್ಗ, ಹಾಸನಗಳಲ್ಲಿರುವ ಪಶುವೈದ್ಯಕೀಯ ಮಹಾವಿದ್ಯಾಲಯಗಳಲ್ಲಿ ಮುಂಚಿತವಾಗಿ ವಿಚಾರಿಸುವುದು ಸೂಕ್ತ.

ಸಾರಾಂಶ

1. ಶಸ್ತ್ರಚಿಕಿತ್ಸೆಗೆ ಮುನ್ನ ಮೊಲವನ್ನು ರಾತ್ರಿಯಿಡೀ ಉಪವಾಸ ಇಡಬಾರದು.
2. ಮೊದಲ ರಾತ್ರಿ ಬೆಚ್ಚಗಿಟ್ಟು, 4 ಗಂಟೆಗೊಮ್ಮೆ ಎದ್ದು ನೋಡಬೇಕು.
3. ತಿನ್ನದಿದ್ದರೆ ವೈದ್ಯರ ಒಪ್ಪಿಗೆಯಿಂದ ನಾರಿನ ಗಂಜಿಯನ್ನು ಕಿ.ಗ್ರಾಂ ತೂಕಕ್ಕೆ ದಿನಕ್ಕೆ 50 ಮಿ.ಲೀ.ನಂತೆ ಹಲವು ಸಲ ಉಣಿಸಬೇಕು.
4. ನೋವಿನ ಔಷಧಿಯನ್ನು ಹೇಳಿದಷ್ಟು ದಿನ ಕೊಡಬೇಕು; ಮನೆಯಲ್ಲಿರುವ ಮಾತ್ರೆಗಳನ್ನು ಕೊಡಬಾರದು.
5. ಹಿಕ್ಕೆ ಮತ್ತು ತೂಕವನ್ನು ಪ್ರತಿದಿನ ಬರೆದಿಡಬೇಕು.
6. 12 ಗಂಟೆ ಮೇವಿಲ್ಲದ ಅಥವಾ ಹಿಕ್ಕೆಯಿಲ್ಲದ ಮೊಲವನ್ನು ಕೂಡಲೇ ವೈದ್ಯರಿಗೆ ತೋರಿಸಬೇಕು.
7. ಗುಣವಾದ ಮೇಲೆ ವರ್ಷವಿಡೀ ಹುಲ್ಲೇ ಮುಖ್ಯ ಮೇವಾಗಿರಬೇಕು. ಅದಕ್ಕೆ ಮನೆಯ ಹಿತ್ತಲಿನ ಕಾಲು ಗುಂಟೆ ಸಾಕು.